ವಿಷಾದದ ಹಾಡು, ವಿಮರ್ಶಕನ ಕಿವಿ

ಕೃತಿಯೊಂದು ಹುಟ್ಟಿದಾಗ ಯಾವ ಗುಣಕ್ಕಾಗಿ ನಿಂದೆಗೆ ಗುರಿಯಾಯಿತೋ, ಇಪ್ಪತ್ತು ವರ್ಷಗಳ ಮೇಲೆ ಅದೇ ಗುಣಕ್ಕಾಗಿ ಪ್ರಶಂಸೆ ಪಡೆದರೆ, ನಾವು ಕೃತಿಯೊಡನೆ ವಿಮರ್ಶೆಯನ್ನೂ ಪರೀಕ್ಷಿಸಬೇಕಾಗುತ್ತದೆ. ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ‘ಸ್ಲೋಡೈವ್’ ಎಂಬ ವಾದ್ಯಗೋಷ್ಠಿ 1993ರಲ್ಲಿ ಹೊರತಂದ ‘ಸೂವ್ಲಾಕಿ’ ಎಂಬ ಗೀತಸಂಪುಟದ ಕಥೆ ಇಂಥದು.

ಈ ಬಗೆಯ ಸಂಗೀತಕ್ಕೆ ‘ಡ್ರೀಮ್ ಪಾಪ್’ ಎಂದು ಹೆಸರು. ಗಿಟಾರಿನ ನಾದವನ್ನು ವಿದ್ಯುದುಪಕರಣಗಳಲ್ಲಿ ಹಾಯಿಸಿ, ಮಾರ್ದನಿಯ ಮೇಲೆ ಮಾರ್ದನಿಯನ್ನು ಪೇರಿಸಿ, ಆ ನಾದದ ಮಂಜಿನೊಳಗೆ ಹಾಡುವವರ ದನಿಯನ್ನು ಅರ್ಧ ಮುಳುಗಿಸುವುದು ಇದರ ಕ್ರಮ. ಸ್ಕಾಟ್ಲೆಂಡಿನ ‘ಕಾಕ್ಟೋ ಟ್ವಿನ್ಸ್’ ಗೋಷ್ಠಿಯವರು 1980ರ ದಶಕದಲ್ಲೇ ಈ ದಾರಿ ತುಳಿದಿದ್ದರು. ಅವರ ಹಿಂದೆ ಬಂದ ತರುಣರು ಕಾಲಬಳಿಯ ಪೆಡಲುಗಳನ್ನೇ ನೋಡುತ್ತ ತಲೆತಗ್ಗಿಸಿ ನುಡಿಸುತ್ತಿದ್ದುದರಿಂದ, ಬ್ರಿಟಿಷ್ ಪತ್ರಿಕೆಗಳು ಅವರನ್ನು ‘ಶೂಗೇಜರ್ಸ್’ ಎಂದರೆ ಬೂಟು ನೋಡುವವರು ಎಂದು ಗೇಲಿಮಾಡಿದವು.

‘ಸೂವ್ಲಾಕಿ’ ಬಂದ ಗಳಿಗೆಯೂ ಒಳ್ಳೆಯದಾಗಿರಲಿಲ್ಲ. ಅಮೆರಿಕದ ‘ನಿರ್ವಾಣ’ ಗೋಷ್ಠಿಯ ಆರ್ಭಟ 1991ರಿಂದಲೇ ಎಲ್ಲರ ಕಿವಿ ತುಂಬಿತ್ತು. ಇಂಗ್ಲೆಂಡಿನಲ್ಲಿ ‘ಸ್ವೇಡ್’, ‘ಬ್ಲರ್’ ಮೊದಲಾದವರು ನೆಟ್ಟಗೆ ನಿಂತು, ಮಾತು ಕೇಳುವಂತೆ, ತಮ್ಮ ನಾಡಿನ ಬಾಳನ್ನು ಹಾಡತೊಡಗಿದ್ದರು. ಹೊಸ ರುಚಿಗೆ ಒಲಿದ ಪತ್ರಿಕೆಗಳಿಗೆ ಹಳೆಯ ರುಚಿಯವರನ್ನು ಹಳಿಯುವುದು ಸುಲಭದ ಕೆಲಸವಾಯಿತು. ‘ಮೆಲೊಡಿ ಮೇಕರ್’ ಪತ್ರಿಕೆಯ ವಿಮರ್ಶಕನಂತೂ, ಇದನ್ನು ಮತ್ತೊಮ್ಮೆ ಕೇಳುವುದಕ್ಕಿಂತ ಗಂಜಿ ತುಂಬಿದ ತೊಟ್ಟಿಯಲ್ಲಿ ಉಸಿರುಕಟ್ಟಿ ಮುಳುಗುವುದೇ ಲೇಸೆಂಬ ಅರ್ಥದಲ್ಲಿ ಬರೆದ. ಮೆಚ್ಚಿದವರೂ ಕೆಲವರಿದ್ದರು, ಆದರೆ ಜನರ ನೆನಪಿನಲ್ಲಿ ಉಳಿದುದು ಗಂಜಿಯ ಮಾತು.

ಆ ಮಾತಿನಲ್ಲಿ ಚಮತ್ಕಾರವಿದೆ, ಕೃತಿಯ ವಿಚಾರವಿಲ್ಲ. ಗೋಷ್ಠಿಯ ಮುಖ್ಯ ಗೀತಕಾರ ನೀಲ್ ಹಾಲ್‌ಸ್ಟೆಡ್. ಅವನೊಡನೆ ಹಾಡುವವಳು ರೇಚಲ್ ಗೋಸ್‌ವೆಲ್. ಪ್ರೇಮಿಗಳಾಗಿದ್ದ ಇವರಿಬ್ಬರೂ ಈ ಸಂಪುಟದ ಹೊತ್ತಿಗೆ ಅಗಲಿದ್ದರು. ಗೋಷ್ಠಿಯನ್ನು ಮಾತ್ರ ಬಿಟ್ಟಿರಲಿಲ್ಲ. ಹಾಲ್‌ಸ್ಟೆಡ್ ವೇಲ್ಸಿನ ಒಂದು ಹಳ್ಳಿಮನೆಯಲ್ಲಿ ಕೆಲವು ದಿನ ಒಂಟಿಯಾಗಿದ್ದು ಹಾಡುಗಳನ್ನು ಕಟ್ಟಿದ. ಅಗಲಿದವರು ಅದೇ ಅಗಲಿಕೆಯನ್ನು ಜೊತೆಗೂಡಿ ಹಾಡಬೇಕಾದಾಗ, ಮಾತು ನಿಚ್ಚಳವಾಗಿ ಹೊರಬರಬೇಕೆಂದು ಕೇಳುವುದು ನ್ಯಾಯವೆ? ದನಿ ನಾದದ ಮರೆಗೆ ಸರಿದಿರುವುದೇ ಇಲ್ಲಿ ಭಾವದ ಮರ್ಯಾದೆ.

ಮೊದಲ ಹಾಡು ‘ಅಲಿಸನ್’ ಧಾಟಿಯಲ್ಲಿ ಹೆಚ್ಚುಕಡಿಮೆ ಉಲ್ಲಾಸದ್ದು. ಬೆಳಕಿನಲ್ಲಿ ನಿಂತವರ ಬಳಲಿಕೆಯಂತೆ ವಿಷಾದ ಅದರ ಹಿಂದಿನಿಂದ ತೋರುತ್ತದೆ. ‘ವೆನ್ ದಿ ಸನ್ ಹಿಟ್ಸ್’ ಮೆಲ್ಲಗೆ ಮೊದಲಾಗಿ, ಪಲ್ಲವಿಗೆ ಬರುವಷ್ಟರಲ್ಲಿ ಗಿಟಾರುಗಳ ಹೊಳೆಯಾಗಿ ಉಕ್ಕುತ್ತದೆ. ಹಿರಿಯ ಸಂಗೀತಗಾರ ಬ್ರಯಾನ್ ಈನೊ ಕೈಜೋಡಿಸಿದ ‘ಸಿಂಗ್’, ‘ಹಿಯರ್ ಶಿ ಕಮ್ಸ್’ ಎಂಬೆರಡರಲ್ಲಿ ಬಿಡುವು ಹೆಚ್ಚು, ಸದ್ದು ಕಡಮೆ. ಕೊನೆಯ ‘ಡ್ಯಾಗರ್’ನಲ್ಲಿ ಮಂಜು ಕರಗಿಯೇ ಹೋಗುತ್ತದೆ: ಬರಿಯ ಗಿಟಾರಿನೆದುರು ಮನುಷ್ಯನ ದನಿ. ಪರದೆಯ ಹಿಂದೆ ಏನೂ ಇಲ್ಲವೆಂದವರು ಈ ಹಾಡಿನವರೆಗೆ ತಾಳ್ಮೆಯಿಂದ ಬಂದಿದ್ದರೆ, ಹಿಂದಿನ ಒಂಬತ್ತು ಹಾಡುಗಳು ಏನನ್ನು ಮರೆಮಾಡಿದ್ದುವೆಂದು ತಿಳಿಯುತ್ತಿತ್ತು.

ಇದು ದೋಷವಿಲ್ಲದ ಕೃತಿಯೆಂದು ನನ್ನ ವಾದವಲ್ಲ. ‘ಸೂವ್ಲಾಕಿ ಸ್ಪೇಸ್ ಸ್ಟೇಷನ್’ ಮಾರ್ದನಿಯ ಸುಖದಲ್ಲಿ ತನ್ನನ್ನೇ ಮರೆತು ಅಗತ್ಯಕ್ಕಿಂತ ಹೆಚ್ಚು ಹೊತ್ತು ಸುತ್ತುತ್ತದೆ. ಎಷ್ಟೋ ಕಡೆ ಸಾಹಿತ್ಯ ಸಾಧಾರಣ. ಆದರೆ ಅಸ್ಪಷ್ಟತೆ ಬೇರೆ, ಟೊಳ್ಳು ಬೇರೆ. ವಾಚ್ಯಕ್ಕಿಂತ ಧ್ವನಿ ಹೆಚ್ಚಿನದೆಂದು ಬಲ್ಲ ನಮ್ಮ ಕಾವ್ಯಮೀಮಾಂಸೆಗೆ ಈ ಭೇದ ಹೊಸತಲ್ಲ. ಕರುಣವು ಯಾವಾಗಲೂ ಎದೆ ಬಡಿದುಕೊಂಡೇ ಬರಬೇಕಾಗಿಲ್ಲ. ಮುಖ ತಿರುಗಿಸಿ ನಿಂತಾಗಲೂ ಅದು ಕರುಣವೇ. ಅಂದಿನ ವಿಮರ್ಶಕರು ಮಂಜನ್ನು ಕಂಡದ್ದು ನಿಜ. ಮಂಜು ಇರುವಲ್ಲಿ ಊರಿಲ್ಲವೆಂದು ತೀರ್ಮಾನಿಸಿದ್ದು ತಪ್ಪು.

ಇಂಥ ತಪ್ಪಿಗೆ ಬೆಲೆ ತೆರುವವರು ಬೇರೆಯವರು. ಹಾಲ್‌ಸ್ಟೆಡ್, ಗೋಸ್‌ವೆಲ್ ಇಬ್ಬರಿಗೂ ಆಗ ಇಪ್ಪತ್ತೆರಡರ ಆಸುಪಾಸು. ಮುಂದಿನ ಸಂಪುಟ ‘ಪಿಗ್ಮೇಲಿಯನ್’ 1995ರಲ್ಲಿ ಬಂದ ಕೆಲವೇ ದಿನಗಳಲ್ಲಿ ಕ್ರಿಯೇಷನ್ ಕಂಪೆನಿ ಅವರನ್ನು ಕೈಬಿಟ್ಟಿತು, ಗೋಷ್ಠಿ ಚದುರಿತು. ಇದಕ್ಕೆಲ್ಲ ಪತ್ರಿಕೆಗಳೊಂದೇ ಕಾರಣವೆನ್ನಲಾಗದು. ಆದರೆ ಗೇಲಿಯ ಗಾಳಿ ಬೀಸುತ್ತಿರುವಾಗ ದೀಪಕ್ಕೆ ಕೈ ಅಡ್ಡಹಿಡಿಯುವವರು ಕಡಮೆ. ಹಾಡುಗಳು ಮಾತ್ರ ಕಿವಿಯಿಂದ ಕಿವಿಗೆ ಸಾಗಿದವು. ಗೋಷ್ಠಿ 2014ರಲ್ಲಿ ಮತ್ತೆ ಕೂಡಿತು. ‘ಪಿಚ್‌ಫೋರ್ಕ್’ ಎಂಬ ಅಮೆರಿಕದ ಪತ್ರಿಕೆ 2016ರಲ್ಲಿ ಈ ಪಂಥದ ಶ್ರೇಷ್ಠ ಸಂಪುಟಗಳ ಪಟ್ಟಿಯಲ್ಲಿ ‘ಸೂವ್ಲಾಕಿ’ಗೆ ಎರಡನೆಯ ಸ್ಥಾನ ಕೊಟ್ಟಿತು. ಸಮಾನಧರ್ಮನಿಗಾಗಿ ಕಾಲವನ್ನು ನಂಬಿದ ಭವಭೂತಿಯ ಮಾತಿಗೆ ಇದೊಂದು ದೂರದ ಸಾಕ್ಷಿ.

ಆದರೂ ಇಂದಿನ ಹೊಗಳಿಕೆಯನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಅಂದು ಫ್ಯಾಷನ್ ಹಳಿದಂತೆ ಇಂದು ಫ್ಯಾಷನ್ನೇ ಹೊಗಳುತ್ತಿರಬಹುದು. ಮೆಲುದನಿಯ ಕೃತಿಯನ್ನು ಅದರ ದನಿಯ ಮಟ್ಟಕ್ಕೆ ಕಿವಿಯನ್ನು ತಗ್ಗಿಸಿ, ಮತ್ತೆ ಮತ್ತೆ ಕೇಳಿ, ಬಳಿಕ ತೀರ್ಪು ಕೊಡುವುದು ವಿಮರ್ಶಕನ ಋಣ. ವಾರದ ಪತ್ರಿಕೆಗೆ ವಾರದೊಳಗೆ ಬರೆಯಬೇಕೆಂಬುದು ನಿಜ. ಅಷ್ಟು ಬೇಗ ಕೇಳಿಸದಿದ್ದರೆ ‘ನನಗಿನ್ನೂ ಕೇಳಿಸಲಿಲ್ಲ’ ಎಂದು ಬರೆಯುವುದಕ್ಕೂ ಅದೇ ಪತ್ರಿಕೆಯಲ್ಲಿ ಜಾಗವಿರುತ್ತದೆ.