ಅಸ್ತಮಾನದ ಆಚೆಗಿನ ದುರ್ಗ

ಚಿತ್ರದುರ್ಗದ ಕೋಟೆಯನ್ನು ಹತ್ತುವ ಮೊದಲೇ ನಮ್ಮಲ್ಲಿ ಅನೇಕರು ಅದನ್ನು ಓದಿರುತ್ತಾರೆ, ಇಲ್ಲವೇ ತೆರೆಯ ಮೇಲೆ ನೋಡಿರುತ್ತಾರೆ. ಓದಿದವರಿಗೆ ಅದು ತ.ರಾ.ಸು. ಅವರ ದುರ್ಗ, ನೋಡಿದವರಿಗೆ ಪುಟ್ಟಣ್ಣ ಕಣಗಾಲರ ದುರ್ಗ. 1972ರಲ್ಲಿ 'ನಾಗರಹಾವು' ಬಂದ ಮೇಲೆ ಓಬವ್ವನಿಗೆ ಜಯಂತಿಯವರ ಮುಖ ಬಂತು. 1982ರಲ್ಲಿ 'ದುರ್ಗಾಸ್ತಮಾನ' ಬಂದ ಮೇಲೆ ಮದಕರಿ ನಾಯಕ ತ.ರಾ.ಸು. ಕಂಡ ಮದಕರಿಯೇ ಆದ. ಆ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಲೇಖಕರು ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಐತಿಹಾಸಿಕ ಕಾದಂಬರಿಗಳ ಮೇಲೆ ಕೆಲಸ ಮಾಡುತ್ತಿರುವ ನನ್ನನ್ನು ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಈ ಕೃತಿಗಳು ಕೊಟ್ಟ ಕಣ್ಣಿಗೆ ಕೋಟೆಯಲ್ಲಿ ಏನು ಕಾಣುತ್ತದೆ, ಏನು ಕಾಣದೆ ಉಳಿಯುತ್ತದೆ?

'ದುರ್ಗಾಸ್ತಮಾನ' ಎಂಬ ಹೆಸರೇ ಓದಿನ ದಾರಿಯನ್ನು ನಿಶ್ಚಯಿಸಿಬಿಡುತ್ತದೆ. 1754ರಲ್ಲಿ ಪಟ್ಟಕ್ಕೆ ಬಂದ ಮದಕರಿ 1779ರಲ್ಲಿ ಹೈದರ್ ಅಲಿಗೆ ಕೋಟೆ ಕಳೆದುಕೊಳ್ಳುತ್ತಾನೆ ಎಂಬುದು ಓದುಗನಿಗೆ ಮೊದಲ ಪುಟದಲ್ಲೇ ಗೊತ್ತು. ಹಾಗಾಗಿ ಗೆಲುವಿನ ಪ್ರಸಂಗಗಳ ಮೇಲೂ ಸೋಲಿನ ನೆರಳು ಬೀಳುತ್ತದೆ. ಇದು ಕಾದಂಬರಿಯ ಶಕ್ತಿ. ವಿಜಯನಗರದ ಚರಿತ್ರೆಯಲ್ಲೋ ಮೈಸೂರಿನ ಚರಿತ್ರೆಯಲ್ಲೋ ಒಂದೆರಡು ಪ್ಯಾರಾಗಳಲ್ಲಿ ಮುಗಿದುಹೋಗುವ ಪಾಳೆಯಗಾರ ಮನೆತನವೊಂದಕ್ಕೆ ದುರಂತ ನಾಟಕದ ಘನತೆ ದೊರೆತದ್ದು ಇದರಿಂದಲೇ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ಗಳಲ್ಲಿ ಅರಮನೆಯ ಒಳಸಂಚುಗಳನ್ನು ಬರೆದ ಕೈ, ಇಲ್ಲಿ ಒಂದು ಊರಿನ ಕೊನೆಯನ್ನೇ ಬರೆಯಿತು. ಆದರೆ ಅಸ್ತಮಾನ ಎನ್ನುವುದು ನಿಂತು ನೋಡುವವನ ಮಾತು. ಸೂರ್ಯ ಮುಳುಗಿದ್ದು ನಾಯಕರ ಮನೆತನಕ್ಕೆ. ಕಲ್ಲಿಗೂ ನೀರಿಗೂ ಜನರಿಗೂ ಅಂದೇ ಮುಳುಗಿತೇ?

ನೀರಿನಿಂದಲೇ ಶುರುಮಾಡೋಣ. ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. 1929ರಲ್ಲಿ ಅದನ್ನು ಓದಿದವರು ಮೈಸೂರಿನ ಎಂ.ಎಚ್. ಕೃಷ್ಣ. ನಾಲ್ಕನೆಯ ಶತಮಾನದ ಆ ಬಂಡೆ ಹೇಳುವುದು ಕೆರೆ ಕಟ್ಟಿಸಿದ ವಿಷಯ. ಏಳು ಸುತ್ತಿನ ಕೋಟೆ ಏಳುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಇಲ್ಲಿ ದಾಖಲಾದ ದೊಡ್ಡ ಕೆಲಸ ನೀರಿನ ಕೆಲಸ. ನಾಯಕರೂ ಅದನ್ನೇ ಮುಂದುವರಿಸಿದರು. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಹೊಂಡಗಳಿಗೆ. ಭರಮಸಾಗರ ಇಂದಿಗೂ ಭರಮಣ್ಣ ನಾಯಕನ ಹೆಸರು ಹೊತ್ತಿದೆ. ಕೋಟೆಯೊಳಗೆ ಕಣಜವಿದೆ, ಎಣ್ಣೆಯ ಕೊಳವಿದೆ, ಮದ್ದು ಅರೆಯುವ ದೈತ್ಯ ಬೀಸುವ ಕಲ್ಲುಗಳಿವೆ. ಮುತ್ತಿಗೆಯ ಕಾಲದಲ್ಲಿ ಗೋಡೆಯ ಎತ್ತರ ಎಷ್ಟು ಮುಖ್ಯವೋ, ಒಳಗಿನವರು ಎಷ್ಟು ತಿಂಗಳು ಉಂಡು ಕುಡಿದು ಇರಬಲ್ಲರು ಎಂಬುದೂ ಅಷ್ಟೇ ಮುಖ್ಯ. ಮಳೆ ಕಡಿಮೆಯ ಸೀಮೆಯಲ್ಲಿ ಈ ಲೆಕ್ಕ ಇನ್ನೂ ಬಿಗಿ.

ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಓಬವ್ವನ ಐತಿಹ್ಯವನ್ನು ಮತ್ತೆ ಓದಬೇಕು. ಕಾವಲಿನ ಮುದ್ದ ಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ಕುಡಿಯಲು ನೀರಿಲ್ಲ. ನೀರು ತರಲು ಹೋದ ಹೆಂಡತಿಗೆ ಬಂಡೆಯ ಕಿಂಡಿಯಲ್ಲಿ ನುಸುಳುತ್ತಿರುವ ಸೈನಿಕರು ಕಾಣುತ್ತಾರೆ. ಅವಳು ಒನಕೆ ಹಿಡಿದು ನಿಲ್ಲುತ್ತಾಳೆ. ಆ ಕಿಂಡಿಯ ಹತ್ತಿರ ಇರುವ ನೀರಿನ ತಾಣಕ್ಕೆ ಜನ ತಣ್ಣೀರು ದೋಣಿ ಎನ್ನುತ್ತಾರೆ. ಊಟ, ನೀರಿನ ಕೊಡ, ಒನಕೆ: ಈ ಕಥೆಯಲ್ಲಿ ಯುದ್ಧದ ಸಾಮಾನು ಒಂದೂ ಇಲ್ಲ. ದಿನವೂ ನೀರಿಗೆ ಹೋಗುವವಳಾದ್ದರಿಂದಲೇ ಅವಳು ಶತ್ರುವನ್ನು ಮೊದಲು ಕಂಡಳು. ಸಿನಿಮಾದ ಹಾಡು ನಮ್ಮ ನೆನಪಿನಲ್ಲಿ ಒನಕೆಯನ್ನು ಎತ್ತಿ ಹಿಡಿಯಿತು, ಕೊಡ ಕೆಳಗೇ ಉಳಿಯಿತು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತಿದೆ. ಛಲವಾದಿ ಸಮುದಾಯದವಳೆಂದು ಜನ ನೆನೆಯುವ ಈ ಹೆಂಗಸಿಗೆ ಸಿಕ್ಕ ಗೌರವ ಸಣ್ಣದಲ್ಲ. ಆದರೆ ಪ್ರತಿಮೆಯಲ್ಲಿ ಅವಳು ವೀರವನಿತೆ ಮಾತ್ರ. ಕೋಟೆಯ ದಿನನಿತ್ಯವನ್ನು ಹೊತ್ತ ಸಾವಿರಾರು ಕೈಗಳ ಪೈಕಿ ಒಂದು ಕೈ ಅವಳದು ಎಂಬ ಮಾತು ಅಲ್ಲಿ ಕಾಣುವುದಿಲ್ಲ.

ಹೋಲಿಕೆಗೆ ರಜಪೂತರ ಚಿತ್ತೋರವನ್ನು ನೋಡಬಹುದು. ಅಲ್ಲಾವುದ್ದೀನ್ ಖಿಲ್ಜಿ ಆ ಗಿರಿದುರ್ಗವನ್ನು ಗೆದ್ದದ್ದು 1303ರಲ್ಲಿ. ಪದ್ಮಿನಿಯ ಕಥೆಯನ್ನು ಜಾಯಸಿ ಕಾವ್ಯವಾಗಿ ಬರೆದದ್ದು ಸುಮಾರು 1540ರಲ್ಲಿ. ಇಂದು ಆ ಕೋಟೆಗೆ ಹೋಗುವವರು ಹುಡುಕುವುದು ಆ ರಾಣಿಯನ್ನೇ. ಅಲ್ಲಿನ ವಿಜಯಸ್ತಂಭ, ಜೈನರ ಕೀರ್ತಿಸ್ತಂಭ, ಗೋಮುಖದ ನೀರು ಎಲ್ಲವೂ ಅವಳ ಕಥೆಯ ಹಿಂದೆ ನಿಲ್ಲುತ್ತವೆ. ದುರ್ಗದಲ್ಲೂ ಕಥೆ ಕಲ್ಲಿಗಿಂತ ಬಲವಾಗಿದೆ. ಒಂದು ವ್ಯತ್ಯಾಸವಿದೆ. ಚಿತ್ತೋರ ನೆನಪಿಟ್ಟುಕೊಂಡದ್ದು ಬೆಂಕಿಗೆ ಹಾರಿದ ರಾಣಿಯನ್ನು. ದುರ್ಗ ನೆನಪಿಟ್ಟುಕೊಂಡದ್ದು ನೀರಿಗೆ ಹೋದ ಕಾವಲುಗಾರನ ಹೆಂಡತಿಯನ್ನು. ನಮ್ಮ ಜನರ ಈ ಆಯ್ಕೆ ನನಗೆ ದೊಡ್ಡದಾಗಿ ಕಾಣುತ್ತದೆ. ಅದನ್ನು ಇನ್ನೊಂದು ರಾಣಿಯ ಕಥೆಯ ಹಾಗೆ ಓದಿದರೆ ನಷ್ಟ ನಮ್ಮದೇ.

ಇನ್ನು ಜನರ ಮಾತು. ಕೋಟೆ ಬಿದ್ದ ಮೇಲೆ ಮದಕರಿಯನ್ನೂ ಅವನ ಪರಿವಾರವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಇಷ್ಟು ಎಲ್ಲರಿಗೂ ಗೊತ್ತು. ಬಿ.ಎಲ್. ರೈಸ್ ಅವರ ಗೆಜೆಟಿಯರ್ ಇನ್ನೂ ಒಂದು ವಿಷಯ ಹೇಳುತ್ತದೆ: ನಾಯಕನ ಮೇಲಿನ ನಿಷ್ಠೆಯನ್ನು ಮುರಿಯಲು ಹೈದರ್ ದುರ್ಗದ 20,000 ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ, ಅವರಲ್ಲಿ ವಯಸ್ಸಿಗೆ ಬಂದ ಹುಡುಗರನ್ನು ಮತಾಂತರಿಸಿ ಚೇಲಾ ಎಂಬ ಪಡೆಗಳನ್ನು ಕಟ್ಟಿದ. ಅಂಕಿಯಲ್ಲಿ ಹೆಚ್ಚುಕಡಿಮೆ ಇರಬಹುದು, ವಸಾಹತು ಕಾಲದ ಬರಹಕ್ಕೆ ತನ್ನದೇ ಒಲವೂ ಇರಬಹುದು. ಆದರೂ ಈ ವಾಕ್ಯವನ್ನು ಮೈಸೂರಿನಲ್ಲಿ ಕೂತು ಓದುವುದು ಬೇರೆಯೇ ಅನುಭವ. ಶ್ರೀರಂಗಪಟ್ಟಣ ಇಲ್ಲಿಂದ ಹದಿನೈದು ಕಿಲೋಮೀಟರ್. ವಾರದ ಕೊನೆಗೆ ಹೋಗುವ ನಾವು ಅಲ್ಲಿ ಟಿಪ್ಪುವನ್ನೋ ರಂಗನಾಥನನ್ನೋ ನೋಡಿ ಬರುತ್ತೇವೆ. ದುರ್ಗದ ಬೇಡರ ಮಕ್ಕಳು ತಮ್ಮ ನಾಯಕನನ್ನು ಸೋಲಿಸಿದವನ ಸೈನ್ಯದಲ್ಲೇ ಸಿಪಾಯಿಗಳಾಗಿ ಬೆಳೆದದ್ದು ಈ ದ್ವೀಪದಲ್ಲಿ ಎಂಬುದು ನೆನಪಾಗುವುದಿಲ್ಲ.

ಹೈದರ್-ಟಿಪ್ಪು ಎಂದ ತಕ್ಷಣ ಇಂದು ಎರಡು ಗುಂಪುಗಳು ಎದ್ದು ನಿಲ್ಲುತ್ತವೆ. ಒಂದಕ್ಕೆ ಈ 20,000 ಜನ ಆಯುಧ, ಇನ್ನೊಂದಕ್ಕೆ ಮುಜುಗರ. ಇಬ್ಬರಿಗೂ ಅವರು ಮನುಷ್ಯರಾಗಿ ಬೇಕಿಲ್ಲ. ಕಾದಂಬರಿ ಮಾಡಬಹುದಾದ ಕೆಲಸ ಇರುವುದು ಇಲ್ಲೇ. ಊರು ಬಿಡುವಾಗ ಅವರು ಏನು ಹೊತ್ತುಕೊಂಡು ಬಂದರು? ಹೊಂಡದ ನೀರು ಕುಡಿದು ಬೆಳೆದವರಿಗೆ ಕಾವೇರಿ ಹೇಗೆ ಕಂಡಿತು? ಮಗ ಬೇರೆ ಹೆಸರು ಹೊತ್ತು ಮನೆಗೆ ಬಂದಾಗ ತಾಯಿ ಅವನನ್ನು ಏನೆಂದು ಕರೆದಳು? ಇದಕ್ಕೆ ಗೆಜೆಟಿಯರ್‌ನಲ್ಲಿ ಉತ್ತರ ಸಿಗುವುದಿಲ್ಲ. ನಾಯಕನ ಕಥೆಯನ್ನು ತ.ರಾ.ಸು. ಯಾವ ಪ್ರೀತಿಯಿಂದ ಬರೆದರೋ ಅದೇ ಪ್ರೀತಿಯಿಂದ ಇವರ ಕಥೆಯನ್ನೂ ಬರೆಯಬೇಕು. ಬರೆದರೆ ಅದರ ಮೊದಲ ಅಧ್ಯಾಯ ಕೋಟೆ ಬಿದ್ದ ಮಾರನೆಯ ದಿನ ಶುರುವಾಗಲಿ.