ಗಬ್ಬೂರಿನ ಬಾವಿಗೆ ಹೊಂದದ ಪಾಠ

ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಿಂದ ಜೀವವಿಕಾಸವನ್ನು ಕೈಬಿಟ್ಟಾಗ ಎದ್ದ ಗದ್ದಲ ಓದುಗರಿಗೆ ನೆನಪಿದೆ. ‘ಆನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ ಬರೀ ‘ಆನುವಂಶೀಯತೆ’ಯಾಗಿ ಉಳಿಯಿತು. ಪಳೆಯುಳಿಕೆಗಳ ಪುಟಗಳೂ ಅದರ ಜೊತೆಗೇ ಹೋದವು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ತೆಗೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪುಟಗಳ ಪರವಾಗಿ ಬರೆದವರಲ್ಲಿ ಅವನ್ನು ಮತ್ತೆ ತೆರೆದು ಓದಿ ತೂಗಿದವರು ವಿರಳ. ಕಳೆದುಹೋದದ್ದಕ್ಕೆಲ್ಲ ಸಿಗುವ ಗೌರವ ಅವಕ್ಕೂ ಸಿಕ್ಕಿತು.

ಅವುಗಳ ನಡುವೆ ಒಂದು ಚೌಕಟ್ಟು ಇತ್ತು: ಪಳೆಯುಳಿಕೆಗಳು ಪದರ ಪದರವಾಗಿ ಹೇಗೆ ಕೂಡುತ್ತವೆ ಎನ್ನುವುದು. ಕತೆ ಹತ್ತು ಕೋಟಿ ವರ್ಷದ ಹಿಂದೆ ಶುರುವಾಗುತ್ತದೆ. ಸಮುದ್ರದ ತಳದಲ್ಲಿ ಬೆನ್ನೆಲುಬಿಲ್ಲದ ಪ್ರಾಣಿಗಳು ಸತ್ತು ಮರಳಿನಲ್ಲಿ ಹೂತುಹೋಗುತ್ತವೆ, ಮರಳು ಕಲ್ಲಾಗುತ್ತದೆ. ಲಕ್ಷಾಂತರ ವರ್ಷ ಕಳೆದ ಮೇಲೆ ಅದೇ ಜಾಗದಲ್ಲಿ ಡೈನೋಸಾರ್‌ಗಳು ಸತ್ತು ಕೆಸರಿನಲ್ಲಿ ಮುಚ್ಚಿಹೋಗುತ್ತವೆ. ಆಮೇಲೆ ಕುದುರೆಯಂಥ ಪ್ರಾಣಿಗಳು. ಕೊನೆಗೆ ನೀರು ಕೊರೆದು ಮೇಲಿನ ಪದರ ಬಯಲಾಗುತ್ತದೆ. ಅಗೆದಷ್ಟೂ ಹಳೆಯದು ಸಿಗುತ್ತದೆ ಎಂಬುದು ಪಾಠದ ಸಾರ.

ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳುವುದು ಸುಲಭವಲ್ಲ, ಆ ಶ್ರೇಯಸ್ಸು ಬರೆದವರಿಗೆ ಸಲ್ಲಲಿ. ಪಕ್ಕದ ಚಿತ್ರಗಳಲ್ಲಿ ನರ್ಮದಾ ಕಣಿವೆಯ ರಾಜಸಾರಸ್ ತಲೆಬುರುಡೆಯೂ ಇತ್ತು. ಅದಕ್ಕಾದರೂ ಒಂದು ಊರುಕೇರಿ ಇದೆ.

ಚೌಕಟ್ಟಿಗೆ ಮಾತ್ರ ಊರೇ ಇಲ್ಲ. ಅಲ್ಲಿ ಪದರಗಳು ಒಂದರ ಮೇಲೊಂದು ಕೂಡುತ್ತಲೇ ಹೋಗುತ್ತವೆ. ಸವೆತ ಬರುವುದು ಕತೆಯ ಕೊನೆಯಲ್ಲಿ, ಒಮ್ಮೆ ಮಾತ್ರ. ನಿಜವಾದ ನೆಲದಲ್ಲಿ ಕೂಡುವುದೂ ಕೊಚ್ಚಿಹೋಗುವುದೂ ಸರದಿಯ ಮೇಲೆ ನಡೆಯುತ್ತವೆ. ಕೋಟಿಗಟ್ಟಲೆ ವರ್ಷಗಳ ಲೆಕ್ಕಕ್ಕೆ ಒಂದು ಹಿಡಿ ಮಣ್ಣೂ ಉಳಿಯದೆ ಹೋಗಬಹುದು. ಹಾಳೆ ಹರಿದ ಪುಸ್ತಕವನ್ನು ಓದುವುದು ಹೇಗೆ ಎಂಬುದೇ ಪಳೆಯುಳಿಕೆಶಾಸ್ತ್ರದ ಅರ್ಧ ಕೆಲಸ. ಆ ಅರ್ಧ ಈ ಪಾಠದಲ್ಲಿಲ್ಲ.

ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಮಗುವೊಂದು ಈ ಪಾಠವನ್ನು ನಂಬಿ ಹೊಲದ ಬಾವಿಯೊಳಗೆ ಇಣುಕಿದರೆ? ಮೇಲೆ ಎರೆಮಣ್ಣು, ಅದರಡಿ ಗರಸು, ಅದರಡಿ ಬಂಡೆ. ಆ ಗ್ರಾನೈಟ್, ನೈಸ್ ಬಂಡೆಗೆ ಸುಮಾರು 250 ಕೋಟಿ ವರ್ಷ, ಅದಕ್ಕೂ ಹೆಚ್ಚು. ಕರಗಿ ಕುದಿದು ಆರಿದ ಕಲ್ಲಿನಲ್ಲಿ ಯಾವ ಜೀವಿಯ ಗುರುತೂ ಉಳಿಯದು. ಎಷ್ಟು ಆಳಕ್ಕೆ ಬೋರ್ ಇಳಿಸಿದರೂ ಮೀನಿಲ್ಲ, ಮೃಗವಿಲ್ಲ. ಎರೆಮಣ್ಣಿಗೂ ಬಂಡೆಗೂ ನಡುವೆ ಭೂಮಿಯ ಹೆಚ್ಚುಕಡಿಮೆ ಅರ್ಧ ಆಯುಷ್ಯವೇ ಕಾಣೆಯಾಗಿದೆ. ಇದನ್ನು ಹೇಳದ ಪಾಠ ಓದಿದ ಮಗು, ಪಳೆಯುಳಿಕೆ ಎಂದರೆ ಬೇರೆ ದೇಶದವರ ಸೊತ್ತು ಎಂದುಕೊಂಡರೆ ತಪ್ಪು ಮಗುವಿನದಲ್ಲ.

ಕೃಷ್ಣೆ ದಾಟಿದರೆ ಕಲ್ಲೇ ಬೇರೆ. ಕಲಬುರಗಿ, ಯಾದಗಿರಿ ಸೀಮೆಯ ಭೀಮಾ ಜಲಾನಯನದ ಸುಣ್ಣಕಲ್ಲು, ಮನೆ ಮನೆಗೆ ಹಾಸುವ ಶಹಾಬಾದ್ ಪರಸಿ, ಹಿಂದೊಮ್ಮೆ ಸಮುದ್ರದ ತಳದ ಕೆಸರಾಗಿತ್ತು. ಅದನ್ನು ಎಷ್ಟು ಸೀಳಿದರೂ ಶಂಖ ಸಿಗದು, ಚಿಪ್ಪು ಸಿಗದು. ಕಾರಣ, ಅದು ಕೂಡಿದ್ದು 54 ಕೋಟಿ ವರ್ಷಕ್ಕಿಂತ ಹಿಂದೆ, ಚಿಪ್ಪಿನ ಪ್ರಾಣಿಗಳು ಸಮುದ್ರದಲ್ಲಿ ಹರಡುವ ಮೊದಲು. ಅದರ ಜೊತೆಗಿನ ಜೇಡಿಪದರಗಳಲ್ಲಿ ಚುವಾರಿಯಾ ಎಂಬ ಜೀವಿಯ ಗುರುತು ಸಿಕ್ಕಿದೆ: ಮಿಲಿಮೀಟರ್ ಲೆಕ್ಕದ ದುಂಡನೆಯ ಕರಿ ಇಂಗಾಲದ ಚುಕ್ಕೆಗಳು. ಚಿಪ್ಪಿಲ್ಲದ್ದೂ ಒಂದು ಸಾಕ್ಷಿ ಎಂದು ಮಗುವಿಗೆ ಕಲಿಸಲು ಇದಕ್ಕಿಂತ ಹತ್ತಿರದ ಪಾಠವಿಲ್ಲ.

ಅದೇ ಸೀಮೆಯ ಗುರುಮಠಕಲ್ ಬಳಿ ದಖನ್ ಲಾವಾ ಪದರಗಳ ನಡುವೆ ಸಿಕ್ಕಿಬಿದ್ದ ಕೆರೆಯ ಕೆಸರು ಇದೆ. ಒಂದು ಲಾವಾ ಹರಿದು ಆರಿತು, ತಗ್ಗಿನಲ್ಲಿ ನೀರು ನಿಂತಿತು, ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ಆಸ್ಟ್ರಕೋಡ್ ಎಂಬ ಚಿಪ್ಪಿನ ಜೀವಿಗಳು ಅದರಲ್ಲಿ ಬದುಕಿದವು, ಮತ್ತೊಂದು ಲಾವಾ ಬಂದು ಮುಚ್ಚಿತು. ಡೈನೋಸಾರ್‌ಗಳ ಕೊನೆಗಾಲದ, ಸುಮಾರು 6.6 ಕೋಟಿ ವರ್ಷದ ಆಸುಪಾಸಿನ ಮಾತಿದು. ಸಿಹಿನೀರಿನ ಚಿಪ್ಪು ಸಿಕ್ಕಿದ್ದರಿಂದಲೇ ಅಲ್ಲಿದ್ದದ್ದು ಸಮುದ್ರವಲ್ಲ, ಕೆರೆ ಎಂದು ತಿಳಿಯುತ್ತದೆ.

ಕಾಲದಲ್ಲಿ ಇನ್ನೂ ಈಚೆಗೆ ಬಂದರೆ, ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಮತ್ತು ಡೆಕ್ಕನ್ ಕಾಲೇಜಿನ ತಂಡ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡಿದ ಜಾಗವನ್ನು ಅಗೆಯಿತು. ಕಲ್ಲಿನ ಕೊಡಲಿ ತನ್ನ ವಯಸ್ಸು ಹೇಳದು. ವಯಸ್ಸು ಹೇಳಿದ್ದು ಅಲ್ಲೇ ಸಿಕ್ಕ ಮೇವುಣ್ಣುವ ಪ್ರಾಣಿಗಳ ಹಲ್ಲು. ಸುತ್ತಲ ಮಣ್ಣಿನ ವಿಕಿರಣ ಹಲ್ಲಿನ ಎನಾಮೆಲ್‌ನಲ್ಲಿ ಬಿಟ್ಟ ಗುರುತನ್ನು ಅಳೆದಾಗ ಸುಮಾರು 12 ಲಕ್ಷ ವರ್ಷ ಎಂಬ ಲೆಕ್ಕ ಬಂತು. ಪಳೆಯುಳಿಕೆ ಏನು ತಿಳಿಸುತ್ತದೆ ಎಂದು ಕೇಳುವ ಮಗುವಿಗೆ ಈ ಹಲ್ಲಿಗಿಂತ ಒಳ್ಳೆಯ ಉತ್ತರ ಯಾವ ಚೌಕಟ್ಟಿನಲ್ಲಿದೆ?

ಮಕ್ಕಳನ್ನು ಸೆಳೆಯಲು ಡೈನೋಸಾರೇ ಬೇಕು, ಚುಕ್ಕೆ, ಹಲ್ಲು ತೋರಿಸಿದರೆ ಆಕಳಿಸುತ್ತಾರೆ ಎನ್ನುವವರಿದ್ದಾರೆ. ಮಕ್ಕಳ ಕುತೂಹಲದ ಬಗ್ಗೆ ಇಷ್ಟು ಅಪನಂಬಿಕೆ ಯಾಕೆ? ಎರೆಹೊಲದಲ್ಲಿ ಬಣ್ಣದ ಹರಳು ಕಂಡರೆ ಕಿಸೆಗಿಳಿಸುವ ಮಗು ಗಾತ್ರ ನೋಡಿ ಕಲ್ಲು ಆರಿಸುವುದಿಲ್ಲ. ದೊಡ್ಡದನ್ನೇ ತೋರಿಸುವ ಚಟದಿಂದ ಇನ್ನೊಂದು ಕೆಡುಕೂ ಇದೆ: ಪಳೆಯುಳಿಕೆಯನ್ನು ಪರೀಕ್ಷಿಸುವ ಕಣ್ಣು ಬೆಳೆಯುವುದಿಲ್ಲ. ಸುಣ್ಣಕಲ್ಲಿನ ಬಿರುಕಿನಲ್ಲಿ ಮ್ಯಾಂಗನೀಸ್ ಇಳಿದು ಮೂಡುವ ಜರೀಗಿಡದಂಥ ಕರಿ ಚಿತ್ರವನ್ನು ಎಲೆಯ ಅಚ್ಚು ಎಂದು ನಂಬುವ ದೊಡ್ಡವರೇ ಎಷ್ಟೋ ಮಂದಿ. ಎಲೆಯಾಗಿದ್ದರೆ ನರ ಎಲ್ಲಿ, ತೊಟ್ಟು ಎಲ್ಲಿ ಎಂದು ಕೇಳುವ ಮಗುವನ್ನು ಬೆಳೆಸಬೇಕಾದ ಪಾಠ ರಾಕ್ಷಸ ಗಾತ್ರದ ಅಸ್ಥಿಪಂಜರಕ್ಕೆ ಮುಗಿಬೀಳುತ್ತದೆ.

ಆ ಪುಟಗಳು ಪುಸ್ತಕಕ್ಕೆ ಮರಳಲೇಬೇಕು. ಮರಳುವಾಗ ಚೌಕಟ್ಟಿನ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಮಾಡಲಿ: ಗಬ್ಬೂರಿನ ಬಾವಿ, ನಡುವೆ ಖಾಲಿ ಬಿಟ್ಟ 250 ಕೋಟಿ ವರ್ಷ, ಹೊಳೆಯಾಚೆ ಶಹಾಬಾದ್ ಪರಸಿ, ಗುರುಮಠಕಲ್‌ನ ಮುಚ್ಚಿದ ಕೆರೆ, ಇಸಾಂಪುರದ ಹಲ್ಲು.