ಕೋಷ್ಟಕವೂ ವೃಕ್ಷವೂ: ದತ್ತಸಂಚಯಶಿಕ್ಷಣದ ಎರಡು ಅಭ್ಯಾಸಗಳು

1

ಬೆಂಗಳೂರಿನ ಪಶ್ಚಿಮಭಾಗದಲ್ಲಿ, ವಿಜಯನಗರದಿಂದ ಮೈಸೂರು ರಸ್ತೆಯನ್ನು ಹಿಡಿದು ಕೆಂಗೇರಿಯವರೆಗೆ ಹೋದರೆ, ಎರಡು ವಿದ್ಯೆಗಳು ನೆರೆಹೊರೆಯಲ್ಲಿ ನಡೆಯುತ್ತಿರುವುದನ್ನು ಕಾಣಬಹುದು. ಜ್ಞಾನಭಾರತಿಯಲ್ಲಿರುವ ಬೆಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಕೇಂದ್ರದಲ್ಲಿ ಹಳಗನ್ನಡ ಕಾವ್ಯಗಳನ್ನು ಓದುವವರಿದ್ದಾರೆ. ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿ, ಕೆಂಗೇರಿಯ ಸುತ್ತಣ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಡೇಟಾಬೇಸ್ ಎಂದು ರೂಢಿಯಲ್ಲಿರುವ ದತ್ತಸಂಚಯವನ್ನು ಕಟ್ಟುವುದು, ಅದರೊಳಗಿನ ವಿಷಯವನ್ನು ಕ್ರಮವಿಧಿಯ ಮೂಲಕ ಹೊರತೆಗೆದು ತಿದ್ದುವುದು, ಎಕ್ಸ್‌ಎಂಎಲ್ ಕಡತಗಳನ್ನು ರಚಿಸುವುದು ಇವುಗಳನ್ನು ಕಲಿಯುವವರಿದ್ದಾರೆ. ಮೊದಲನೆಯವರು ಓದುವ ಗ್ರಂಥಗಳನ್ನು ಮುಂದೆ ಗಣಕದಲ್ಲಿ ಇರಿಸತಕ್ಕವರು ಎರಡನೆಯವರೇ. ಆದುದರಿಂದ ಅವರಿಗೆ ಕೊಡುವ ಅಭ್ಯಾಸಗಳೂ ಸಾಹಿತ್ಯವಿಮರ್ಶೆಗೆ ವಿಷಯವಾಗತಕ್ಕವು.

1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದಲ್ಲಿ ಇಂಥ ಎರಡು ಅಭ್ಯಾಸಗಳಿದ್ದುವು. ಒಂದು, ಐದನೆಯ ಸೆಮಿಸ್ಟರಿನ ಪ್ರಯೋಗಶಾಲೆಯಲ್ಲಿ ಗ್ರಂಥಾಲಯದ ದತ್ತಸಂಚಯವನ್ನು ಕಟ್ಟುವುದು. ಇದು 2018ರ ಪಠ್ಯಕ್ರಮದಲ್ಲಿಯೂ ಮುಂದುವರಿಯಿತು. ಇನ್ನೊಂದು, ಏಳನೆಯ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳ ವಿವರಗಳನ್ನು ಎಕ್ಸ್‌ಎಂಎಲ್ ಕಡತದಲ್ಲಿ ಬರೆಯುವುದು. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಕೋಷ್ಟಕಕ್ಕೆ ಒಗ್ಗದ ವಸ್ತುವನ್ನು ಕೋಷ್ಟಕದಲ್ಲಿಯೂ, ಕೋಷ್ಟಕವೇ ಸಾಕಾಗಿದ್ದ ವಸ್ತುವನ್ನು ವೃಕ್ಷದಲ್ಲಿಯೂ ಇರಿಸಲು ವಿದ್ಯಾರ್ಥಿಯನ್ನು ಕೇಳಲಾಗಿದೆಯೆಂದು ತೋರುತ್ತದೆ. ದತ್ತವನ್ನಿರಿಸುವ ಈ ಎರಡು ರೀತಿಗಳ ಭೇದವೇ ಹೀಗೆ ಅವನಿಗೆ ಮರೆಯಾಗುತ್ತದೆ.

2

ದತ್ತವನ್ನು ಕೋಷ್ಟಕಗಳಲ್ಲಿ ಇರಿಸುವ ಸಿದ್ಧಾಂತವನ್ನು ಮಂಡಿಸಿದವರು ಐಬಿಎಂ ಸಂಸ್ಥೆಯಲ್ಲಿದ್ದ ಇ. ಎಫ್. ಕಾಡ್, ಅವರ ಪ್ರಸಿದ್ಧ ಲೇಖನ 1970ರಲ್ಲಿ ಪ್ರಕಟವಾಯಿತು. ಈ ಪದ್ಧತಿಯಲ್ಲಿ ಒಂದೊಂದು ಸಾಲೂ ಒಂದು ಸಂಗತಿಯನ್ನು ಹೇಳುತ್ತದೆ. ಸಾಲನ್ನು ಗುರುತಿಸಲು ಒಂದು ಕೀಲಿ ಇರಬೇಕು. ಮನೆಯೊಂದರಲ್ಲಿ ಒಂದೇ ಬೆಲೆ ಇರಬೇಕು. ಗ್ರಂಥಾಲಯದ ಅಭ್ಯಾಸವು ಈ ನಿಯಮಗಳನ್ನು ಚೆನ್ನಾಗಿಯೇ ಪಾಲಿಸಿದೆ. ಪುಸ್ತಕದ ಕೋಷ್ಟಕದಲ್ಲಿ ಅದರ ಸಂಖ್ಯೆ, ಶೀರ್ಷಿಕೆ, ಪ್ರಕಾಶಕ, ಪ್ರಕಟಣೆಯ ವರ್ಷ ಇವಿಷ್ಟೇ ಇವೆ. ಕರ್ತೃಗಳಿಗೆ ಪ್ರತ್ಯೇಕವಾದ ಕೋಷ್ಟಕವಿದೆ. ಒಂದು ಪುಸ್ತಕಕ್ಕೆ ಇಬ್ಬರು ಮೂವರು ಕರ್ತೃಗಳಿರಬಹುದೆಂಬ ಆಲೋಚನೆ ಇಲ್ಲಿ ಕೆಲಸಮಾಡಿರುವುದು ಸ್ಪಷ್ಟ. ಶಾಖೆ, ಪ್ರತಿಗಳ ಸಂಖ್ಯೆ, ಎರವಲು ಇವುಗಳಿಗೂ ಬೇರೆ ಬೇರೆ ಕೋಷ್ಟಕಗಳುಂಟು. ಮುದ್ರಿತ ಪುಸ್ತಕಗಳ ಲೆಕ್ಕವನ್ನಿಡುವುದಕ್ಕೆ ಈ ವ್ಯವಸ್ಥೆಯಲ್ಲಿ ಕೊರತೆಯೇನೂ ಕಾಣುವುದಿಲ್ಲ.

ಆದರೆ ಕನ್ನಡದ ಗ್ರಂಥಾಲಯವೆಂದರೆ ಮುದ್ರಿತ ಪುಸ್ತಕಗಳ ಭಂಡಾರ ಮಾತ್ರವಲ್ಲ. ವಡ್ಡಾರಾಧನೆಯನ್ನು ಈ ಕೋಷ್ಟಕದೊಳಕ್ಕೆ ತರಲು ಹೊರಟರೆ ಆಗುವ ಪಾಡನ್ನು ನೋಡಬಹುದು. ಪ್ರಕಟಣೆಯ ವರ್ಷವೆಂಬ ಮನೆಯಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯ ವರ್ಷವಾದ 1949 ಕೂಡುತ್ತದೆ. ಆದರೆ ಅದು ಆವೃತ್ತಿಯ ವರ್ಷವೇ ಹೊರತು ಕೃತಿಯದಲ್ಲ. ಕರ್ತೃವಿನ ಮನೆಯಲ್ಲಿ ಶಿವಕೋಟ್ಯಾಚಾರ್ಯನೆಂದು ಬರೆಯಬೇಕೆ? ಭ್ರಾಜಿಷ್ಣುವೆಂದು ವಾದಿಸಿದ ವಿದ್ವಾಂಸರೂ ಉಂಟು. ಶೀರ್ಷಿಕೆಯೇ ಚರ್ಚೆಗೊಳಗಾಗಿದೆ. ಹತ್ತೊಂಬತ್ತು ಕಥೆಗಳಿರುವುದೊಂದು ನಿಶ್ಚಯ. ಕೋಷ್ಟಕವು ಕೇಳುವ ಉಳಿದ ಸಂಗತಿಗಳೆಲ್ಲ ಪಕ್ಷಪ್ರತಿಪಕ್ಷಗಳ ನಡುವೆ ನಿಂತಿವೆ.

ಉತ್ತರ ತಿಳಿಯದಿದ್ದಲ್ಲಿ ಮನೆಯನ್ನು ಬರಿದಾಗಿ ಬಿಡಬಹುದೆಂದೂ, ಅದಕ್ಕೆ ‘ನಲ್’ ಎಂಬ ಗುರುತುಂಟೆಂದೂ ವಿದ್ಯಾರ್ಥಿ ಹೇಳಬಹುದು. ಕರ್ತೃವಿನ ಹೆಸರು ಎಂದೂ ಬರೆಯಲ್ಪಟ್ಟಿರದಿದ್ದರೂ, ಹೆಸರಿದ್ದ ಗರಿ ಕಳೆದುಹೋಗಿದ್ದರೂ, ಇಬ್ಬರ ಹೆಸರು ಹೇಳಲ್ಪಟ್ಟು ನಿರ್ಣಯವಾಗದಿದ್ದರೂ, ಆ ಒಂದೇ ಗುರುತು ನಿಲ್ಲುತ್ತದೆ. ಈ ಮೂರೂ ಬೇರೆ ಬೇರೆ ಸ್ಥಿತಿಗಳೆಂಬುದನ್ನು ಗ್ರಂಥಸಂಪಾದಕರಿಗೆ ಹೇಳಬೇಕಾದುದಿಲ್ಲ. ಬರಿದಾದ ಮನೆ ಒಂದೇ ಬಗೆಯದಲ್ಲವೆಂಬುದನ್ನು ಕಾಡ್‌ರೂ ಬಲ್ಲರು. 1990ರ ತಮ್ಮ ಗ್ರಂಥದಲ್ಲಿ, ಇರತಕ್ಕದ್ದಾದರೂ ತಿಳಿಯದಿರುವ ಬೆಲೆಗೂ ಅಲ್ಲಿಗೆ ಅನ್ವಯಿಸದ ಬೆಲೆಗೂ ಅವರು ಬೇರೆ ಬೇರೆ ಗುರುತುಗಳನ್ನು ಸೂಚಿಸಿದರು.

ಅಭ್ಯಾಸದ ಕೊನೆಯಲ್ಲಿರುವ ಪ್ರಶ್ನೆಗಳಲ್ಲಿ ಎರಡು ವಿಶೇಷವಾಗಿ ವಿಚಾರಾರ್ಹವಾಗಿವೆ. ಪುಸ್ತಕಗಳನ್ನು ಪ್ರಕಟಣೆಯ ವರ್ಷಕ್ಕನುಗುಣವಾಗಿ ವಿಭಾಗಿಸಬೇಕೆಂಬುದು ಒಂದು. ಕಾಲನಿರ್ಣಯವಾಗದ ಕೃತಿಗಳಿಗೆ ಇಲ್ಲಿ ಎಡೆಯೇ ಇಲ್ಲ. ಒಂದು ಪುಸ್ತಕವನ್ನು ಅಳಿಸಿ, ಆ ಅಳಿಸುವಿಕೆಯು ಉಳಿದ ಕೋಷ್ಟಕಗಳಲ್ಲಿಯೂ ಪ್ರತಿಫಲಿಸುವಂತೆ ಮಾಡಬೇಕೆಂಬುದು ಇನ್ನೊಂದು. ಲೆಕ್ಕದ ದೃಷ್ಟಿಯಿಂದ ಈ ಎರಡನೆಯದು ಸರಿಯಾದ ಪಾಠ: ಅಳಿದ ಪುಸ್ತಕದ ಎರವಲು ಮಾತ್ರ ಉಳಿದರೆ ದತ್ತಸಂಚಯ ಸುಳ್ಳು ಹೇಳಿದಂತಾಗುತ್ತದೆ. ಆದರೆ ಗ್ರಂಥಸಂಪಾದನೆಯ ಶೀಲ ಇದಕ್ಕೆ ತೀರ ವಿರುದ್ಧವಾದುದು. ಸಂಪಾದಕನು ತಾನು ಒಪ್ಪದ ಪಾಠವನ್ನು ಅಡಿಟಿಪ್ಪಣಿಗೆ ಇಳಿಸುತ್ತಾನೆಯೇ ಹೊರತು ಅಳಿಸುವುದಿಲ್ಲ. ಕುರುಹುಳಿಯದಂತೆ ಅಳಿಸುವುದನ್ನೇ ಅಚ್ಚುಕಟ್ಟೆಂದು ಕಲಿತವನ ಕೈಗೆ ಪಾಠಾಂತರಗಳ ಭಂಡಾರವನ್ನು ಒಪ್ಪಿಸುವಾಗ ಈ ಅಂತರವನ್ನು ತಿಳಿಸಿಕೊಡುವುದು ಅವಶ್ಯಕ.

3

ಎಕ್ಸ್‌ಎಂಎಲ್ ಕ್ರಮವು ಅಂತಾರಾಷ್ಟ್ರೀಯ ಅಂತರ್ಜಾಲ ಮಂಡಲಿಯೊಂದರ ಶಿಫಾರಸಾಗಿ 1998ರ ಫೆಬ್ರವರಿಯಲ್ಲಿ ಹೊರಬಂತು. ಅದರ ಮೂಲವಾದ ಎಸ್‌ಜಿಎಂಎಲ್ 1986ರಲ್ಲಿಯೇ ಅಂತಾರಾಷ್ಟ್ರೀಯ ಮಾನಕವಾಗಿತ್ತು. ಬರೆದ ಮಾತಿನ ಒಂದೊಂದು ಭಾಗಕ್ಕೂ ಮೊದಲೂ ಕೊನೆಯೂ ಹೆಸರಿನ ಗುರುತನ್ನಿಟ್ಟು, ಒಂದರೊಳಗೊಂದು ಅಡಗುವಂತೆ ಜೋಡಿಸುವುದು ಇದರ ಸ್ವಭಾವ. ಹೀಗೆ ಜೋಡಿಸಿದ ಕಡತವು ಕೊಂಬೆರೆಂಬೆಗಳುಳ್ಳ ವೃಕ್ಷದಂತಾಗುತ್ತದೆ. ಆಳವು ಸಮನಾಗಿಲ್ಲದಿರುವ, ಅನುಕ್ರಮವೇ ಅರ್ಥವಾಗಿರುವ ವಸ್ತುವಿಗೆ ಇದು ತಕ್ಕದ್ದು. ಸಾಹಿತ್ಯಕೃತಿಯು ಅಂಥ ವಸ್ತುಗಳಲ್ಲಿ ಮೊದಲನೆಯದು.

ಏಳನೆಯ ಸೆಮಿಸ್ಟರಿನ ಅಭ್ಯಾಸವಾದರೋ, ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯ ನೋಂದಣಿಸಂಖ್ಯೆ, ಹೆಸರು, ಕಾಲೇಜು, ವಿಭಾಗ, ಸೇರಿದ ವರ್ಷ, ಇ-ಮೇಲ್ ವಿಳಾಸ ಇವುಗಳನ್ನು ಮೂವರು ವಿದ್ಯಾರ್ಥಿಗಳ ಮಟ್ಟಿಗೆ ಬರೆದು ತೋರಿಸಲು ಹೇಳುತ್ತದೆ. ಮೂರು ಸಾಲು, ಆರು ಮನೆ: ಇದು ಕೋಷ್ಟಕವೇ. ಕೊಂಬೆಗಳೆಲ್ಲ ಒಂದೇ ಅಳತೆಗೆ ಕತ್ತರಿಸಲ್ಪಟ್ಟ ಈ ಮರವನ್ನು ಕಂಡ ವಿದ್ಯಾರ್ಥಿ, ಎಕ್ಸ್‌ಎಂಎಲ್ ಎಂದರೆ ಕೋಷ್ಟಕವನ್ನು ಉದ್ದವಾಗಿ ಬರೆಯುವ ಇನ್ನೊಂದು ಕ್ರಮವೆಂದು ತಿಳಿದುಕೊಂಡರೆ ತಪ್ಪು ಅವನದಲ್ಲ.

ಕುಮಾರವ್ಯಾಸಭಾರತವನ್ನು ಇದರ ಎದುರಿಗಿಟ್ಟು ನೋಡಿದರೆ ಭೇದ ತಾನೇ ಬೆಳಗುತ್ತದೆ. ಹತ್ತು ಪರ್ವಗಳು, ಪರ್ವದೊಳಗೆ ಸಂಧಿಗಳು, ಸಂಧಿಯೊಳಗೆ ಪದ್ಯಗಳು, ಪದ್ಯದೊಳಗೆ ಆರು ಪಾದಗಳು. ಪಾದದೊಳಗೆ ಒಂದು ಪದಕ್ಕೆ ಎರಡು ಪ್ರತಿಗಳಲ್ಲಿ ಎರಡು ಪಾಠಗಳಿದ್ದರೆ, ಅಲ್ಲೊಂದು ಕವಲು ಒಡೆಯುತ್ತದೆ. ಮುಂದಿನ ಪದಕ್ಕೆ ಅದು ಇರುವುದಿಲ್ಲ. 1987ರಲ್ಲಿ ಆರಂಭವಾದ ಟಿಇಐ ಎಂಬ ವಿದ್ವಾಂಸರ ಉದ್ಯಮವು ಇಂಥ ಗುರುತುಗಳನ್ನು ನಿಯತಗೊಳಿಸಿದೆ: ಸ್ವೀಕೃತ ಪಾಠಕ್ಕೊಂದು, ಪಾಠಾಂತರಕ್ಕೊಂದು, ಗರಿ ಮುರಿದು ಲುಪ್ತವಾದ ಭಾಗಕ್ಕೊಂದು, ಅಸ್ಪಷ್ಟವಾದ ಅಕ್ಷರಕ್ಕೊಂದು, ಸಂಪಾದಕನು ಊಹಿಸಿ ತುಂಬಿದ್ದಕ್ಕೊಂದು. ನರಸಿಂಹಾಚಾರ್ಯರು ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದ ವಿದ್ಯೆಯೇ ಇಲ್ಲಿ ಬೇರೆ ಉಡುಗೆಯಲ್ಲಿ ಕಾಣಿಸಿಕೊಂಡಿದೆ.

ಹಾಗೆಂದು ವೃಕ್ಷವು ಸರ್ವಸಮರ್ಥವೆಂದು ಭಾವಿಸಲಾಗದು. ಒಳಗೆ ತೆರೆದ ಗುರುತು ಒಳಗೇ ಮುಚ್ಚಬೇಕೆಂಬುದು ಎಕ್ಸ್‌ಎಂಎಲ್‌ನ ಕಟ್ಟುನಿಟ್ಟು. ಷಟ್ಪದಿಯ ಮಾತಿಗೆ ಈ ಕಟ್ಟಿಲ್ಲ. ವಾಕ್ಯವು ಪಾದದ ಅಂಚಿನಲ್ಲಿ ನಿಲ್ಲದೆ ಹರಿಯುತ್ತದೆ. ಎಷ್ಟೋ ವೇಳೆ ಒಂದು ಪದವೇ ಎರಡು ಪಾದಗಳಿಗೆ ಹಂಚಿಹೋಗುತ್ತದೆ. ಛಂದಸ್ಸಿನ ಮರವೂ ವ್ಯಾಕರಣದ ಮರವೂ ಒಂದನ್ನೊಂದು ಅಡ್ಡಹಾಯುವ ಈ ತೊಡಕಿಗೆ ಟಿಇಐ ಹಲವು ಉಪಾಯಗಳನ್ನು ಹೇಳಿದೆಯಾದರೂ, ಒಂದರಲ್ಲಿಯೂ ತೊಡಕು ಪೂರ್ತಿಯಾಗಿ ಬಗೆಹರಿಯುವುದಿಲ್ಲ.

4

ಈ ಚರ್ಚೆಯೆಲ್ಲ ಕೇವಲ ಬೋಧನಕ್ರಮಕ್ಕೆ ಸಂಬಂಧಿಸಿದುದೆಂದು ಕೆಲವರಿಗೆ ತೋರಬಹುದು. ವಚನವಾಙ್ಮಯದ ಕಡೆಗೆ ತಿರುಗಿದರೆ ಇದರ ಗೌರವ ತಿಳಿದೀತು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಎಂ. ಎಂ. ಕಲಬುರ್ಗಿಯವರ ಪ್ರಧಾನಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 15 ಭಾಗಗಳಾಗಿ ಹೊರಬಂದುವು. ಇಂದು ‘ವಚನ ಸಂಚಯ’ದಲ್ಲಿ 20,000ಕ್ಕೂ ಮೇಲ್ಪಟ್ಟ ವಚನಗಳನ್ನು ಪದವೊಂದನ್ನು ಕೊಟ್ಟು ಹುಡುಕಬಹುದಾಗಿದೆ. ಇದರಿಂದಾದ ಉಪಕಾರ ಅಪಾರ.

ವಚನಗಳನ್ನು ವಿಂಗಡಿಸುವಾಗ ಅಂಕಿತವೇ ಕೀಲಿಯೆಂದು ಹಿಡಿಯಲು ಮನಸ್ಸಾಗುವುದು ಸಹಜ. ಆದರೆ ಅಂಕಿತವು ಪಾಠದ ಒಂದು ಭಾಗ. ಪಾಠಕ್ಕೆ ಬರುವ ಆಪತ್ತುಗಳೆಲ್ಲ ಅದಕ್ಕೂ ಬರುತ್ತವೆ. ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವ ಎಂಬುದರ ಸ್ಥಾನದಲ್ಲಿ ಲಿಂಗದೇವ ಎಂಬ ಅಂಕಿತವನ್ನಿಟ್ಟ ‘ಬಸವ ವಚನ ದೀಪ್ತಿ’ಯನ್ನು ಕರ್ನಾಟಕ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಆ ವಿವಾದದ ಗುಣದೋಷವಿಚಾರ ಇಲ್ಲಿ ಪ್ರಸ್ತುತವಲ್ಲ. ಗಮನಿಸತಕ್ಕ ಅಂಶವೆಂದರೆ, ಮಾರ್ಪಾಡು ಮುದ್ರಿತಗ್ರಂಥದಲ್ಲಿ ಆದುದರಿಂದ ಹಿಂದಿನ ಆವೃತ್ತಿಗಳು ಕಪಾಟುಗಳಲ್ಲಿ ಉಳಿದುಕೊಂಡು ಸಾಕ್ಷಿ ನುಡಿದುವು. ವಚನಕ್ಕೊಂದೇ ಮನೆಯಿರುವ ದತ್ತಸಂಚಯದಲ್ಲಿ ಸಾವಿರಾರು ವಚನಗಳ ಅಂಕಿತವನ್ನು ಬದಲಿಸಲು ಒಂದು ಸಾಲಿನ ಆಜ್ಞೆ ಸಾಕು. ಹಳೆಯ ಪಾಠವಿದ್ದ ಮನೆಯಲ್ಲಿಯೇ ಹೊಸದು ಬಂದು ಕೂಡುತ್ತದೆ. ಬದಲಿಸಿದವರು ಯಾರು, ಎಂದು, ಯಾವ ಆಧಾರದಿಂದ ಎಂಬುದನ್ನು ಬರೆದಿಡಲು ದತ್ತಸಂಚಯವನ್ನು ಕಟ್ಟಿದವನು ಮೊದಲೇ ಎಡೆಮಾಡಿರದಿದ್ದರೆ, ಮುಂದೆ ಕೇಳಿದವರಿಗೆ ಉತ್ತರ ದೊರೆಯುವ ಬಗೆಯಿಲ್ಲ.

5

ಮೇಲ್ಕಂಡ ದೋಷಗಳನ್ನು ಕೋಷ್ಟಕಪದ್ಧತಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕರ್ತೃತ್ವವನ್ನು ಕೃತಿಯ ಗುಣವೆಂದು ಬಗೆಯದೆ ಹೇಳಿಕೆಯೆಂದು ಬಗೆದರೆ ಮಾರ್ಗ ತೆರೆಯುತ್ತದೆ. ಕೃತಿ, ಹೇಳಲಾದ ಕರ್ತೃ, ಹೇಳಿದ ವಿದ್ವಾಂಸ, ಆಧಾರ ಎಂಬ ನಾಲ್ಕು ಮನೆಗಳ ಕೋಷ್ಟಕವೊಂದನ್ನು ಕಟ್ಟಿದರೆ, ವಡ್ಡಾರಾಧನೆಗೆ ಅಲ್ಲಿ ಎರಡು ಸಾಲುಗಳು ನೆಮ್ಮದಿಯಾಗಿ ನಿಲ್ಲುತ್ತವೆ. ಪ್ರತಿಗಳು, ಅವು ಇರುವ ಭಂಡಾರಗಳು, ಗರಿಗಳ ಸಂಖ್ಯೆ, ಆವೃತ್ತಿಗಳು ಇವೆಲ್ಲ ಕೋಷ್ಟಕಕ್ಕೆ ಸಲ್ಲತಕ್ಕವು. ಪದ್ಯವೂ ಅದರ ಪಾಠಾಂತರಗಳೂ ವೃಕ್ಷಕ್ಕೆ ಸಲ್ಲತಕ್ಕವು. ವೃಕ್ಷದ ಒಂದೊಂದು ಪದ್ಯಕ್ಕೂ ಸ್ಥಿರವಾದ ಗುರುತನ್ನು ಕೊಟ್ಟು ಅದನ್ನೇ ಕೋಷ್ಟಕದಲ್ಲಿ ಕೀಲಿಯಾಗಿ ಬರೆದಿಟ್ಟರೆ, ಒಂದೇ ಕ್ರಮವಿಧಿಯು ಎರಡನ್ನೂ ಓದಿ, ಪಾಠವನ್ನೂ ಅದರ ಸಾಕ್ಷಿಯನ್ನೂ ವಾಚಕನ ಮುಂದೆ ಒಟ್ಟಿಗೆ ಇಡಬಲ್ಲದು. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮವಾದ ಅಭ್ಯಾಸ ಸುಲಭವಾಗಿ ದೊರೆಯಲಾರದು: ಎರಡು ಸೆಮಿಸ್ಟರುಗಳಲ್ಲಿ ಬಿಡಿಬಿಡಿಯಾಗಿ ಕಲಿತ ವಿದ್ಯೆಗಳು ಇಲ್ಲಿ ಒಂದಕ್ಕೊಂದು ಅವಶ್ಯಕವಾಗುತ್ತವೆ.

ಅದೇ ವಿಶ್ವವಿದ್ಯಾಲಯವು ತನ್ನ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ ‘ಸಾಂಸ್ಕೃತಿಕ ಕನ್ನಡ’ವೆಂಬ ಪಾಠದಲ್ಲಿ ವಚನಗಳೂ ಸೇರಿವೆ. ಅಲ್ಲಿ ಓದಿದ ಒಂದು ವಚನವನ್ನು ಹಳಕಟ್ಟಿಯವರ ಆವೃತ್ತಿಯಲ್ಲಿಯೂ ಸಮಗ್ರ ಸಂಪುಟದಲ್ಲಿಯೂ ಹೋಲಿಸಿ, ಭೇದಗಳನ್ನು ಗುರುತಿಟ್ಟು ಬರೆಯುವ ಕೆಲಸವನ್ನು ಪ್ರಯೋಗಶಾಲೆಗೆ ಒಯ್ಯುವುದಕ್ಕೆ ಹೊಸ ಗ್ರಂಥವೇನೂ ಬೇಕಾಗಿಲ್ಲ. ಭೇದ ಯಾವುದೆಂದು ತೋರಿಸಿಕೊಡಲು ಸಾಹಿತ್ಯದ ಅಧ್ಯಾಪಕರೊಬ್ಬರು ಆ ಪ್ರಯೋಗಶಾಲೆಗೆ ಹೋಗಬೇಕಾಗುತ್ತದೆ. ಜ್ಞಾನಭಾರತಿಗೂ ಕೆಂಗೇರಿಗೂ ನಡುವೆ ಇರುವುದು ಕೆಲವೇ ಮೈಲಿಗಳ ದಾರಿ.